ಮೇಜಿನ ಕೆಳಗಿನ ‘ಟಕ್’: ನಾಲ್ಕು ಶನಿವಾರಗಳ ದುರಸ್ತಿ ದಿನಚರಿ

ದಾವಣಗೆರೆಯ ಅಣ್ಣನ ಮನೆಯಲ್ಲಿ ಅತ್ತಿಗೆ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಶಿವಗಣಾರಾಧನೆಯ ಪತ್ರಗಳನ್ನು ಕಂಪ್ಯೂಟರ್‌ನಲ್ಲಿ ಜೋಡಿಸಿಕೊಡುತ್ತಾರೆ. ಅಕ್ಷರಕ್ಕೆ ನುಡಿ ತಂತ್ರಾಂಶ, ವಿನ್ಯಾಸಕ್ಕೆ ಕೋರೆಲ್‌ಡ್ರಾ. ಬೇಸಿಗೆಯ ಮುಹೂರ್ತಗಳ ಕಾಲದಲ್ಲಿ ಅವರಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಅಂಥ ಹೊತ್ತಿನಲ್ಲೇ ಅವರ ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ರೀಸ್ಟಾರ್ಟ್ ಆಗತೊಡಗಿತು. ವಧೂವರರ ಹೆಸರು, ಎರಡೂ ಕಡೆಯ ಹಿರಿಯರ ಹೆಸರು, ಕಲ್ಯಾಣಮಂಟಪದ ವಿಳಾಸ ಎಲ್ಲವನ್ನೂ ಹೊಂದಿಸಿ ಇನ್ನೇನು ಉಳಿಸಬೇಕು ಎನ್ನುವಷ್ಟರಲ್ಲಿ ಪರದೆ ಕಪ್ಪಾಗುತ್ತಿತ್ತು. ಒಂದೇ ಪತ್ರಿಕೆಯನ್ನು ಮೂರು ಸಲ ಮಾಡಿದ ದಿನ ಅವರು ನನಗೆ ಫೋನ್ ಮಾಡಿದರು. ನಾನಿರುವುದು ಚಿತ್ರದುರ್ಗದಲ್ಲಿ, ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ಶನಿವಾರ ಮಧ್ಯಾಹ್ನ ಹೊರಟು ಭಾನುವಾರ ಸಂಜೆ ಮರಳುವುದೆಂದು ಲೆಕ್ಕ ಹಾಕಿ ಮಲ್ಟಿಮೀಟರ್, ಸ್ಕ್ರೂಡ್ರೈವರ್, ಥರ್ಮಲ್ ಪೇಸ್ಟ್, ಒಂದು ಪೆನ್‌ಡ್ರೈವ್ ಚೀಲಕ್ಕೆ ಹಾಕಿಕೊಂಡೆ.

ನಾನು ಹೋಗುವ ಮೊದಲೇ ಅಣ್ಣ ಅದನ್ನು ಒಂದು ಅಂಗಡಿಗೆ ಒಯ್ದಿದ್ದ. ಅವರು ವಿಂಡೋಸ್ ಅಳಿಸಿ ಹೊಸದಾಗಿ ಹಾಕಿಕೊಟ್ಟಿದ್ದರು. ಅಂಗಡಿಯಲ್ಲಿ ಇಡೀ ದಿನ ಸರಿಯಾಗಿ ನಡೆದ ಕಂಪ್ಯೂಟರ್ ಮನೆಗೆ ಬಂದ ಸಂಜೆಯೇ ಮತ್ತೆ ರೀಸ್ಟಾರ್ಟ್ ಆಯಿತು. ಅತ್ತಿಗೆ ವರ್ಷಗಟ್ಟಲೆ ಕೂಡಿಟ್ಟಿದ್ದ ಫಾಂಟುಗಳು ಮಾತ್ರ ಹೋಗಿದ್ದವು. ‘ಅಂಗಡಿಯಲ್ಲಿ ಸರಿ, ಮನೆಯಲ್ಲಿ ತೊಂದರೆ’ ಎಂಬ ಮಾತಿಗೆ ಆಗಲೇ ಕಿವಿಗೊಟ್ಟಿದ್ದರೆ ಎರಡು ವಾರ ಉಳಿಯುತ್ತಿತ್ತು.

ಯಂತ್ರದ ವಿವರ ಇಷ್ಟು: ಇಂಟೆಲ್ ಐ3-4150 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 4 ಜಿಬಿಯ ಎರಡು ಡಿಡಿಆರ್3 ರ‍್ಯಾಮ್, 240 ಜಿಬಿ ಎಸ್‌ಎಸ್‌ಡಿ, ಹಳೆಯ ಹಾರ್ಡ್‌ಡಿಸ್ಕ್ ಒಂದು. ‘450 ವ್ಯಾಟ್’ ಎಂದು ಬರೆದುಕೊಂಡಿರುವ ಎಸ್‌ಎಂಪಿಎಸ್, ಅಂದರೆ ಮನೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟೇಜಿಗೆ ಬದಲಿಸಿ ಕೊಡುವ ಡಬ್ಬಿ. ಮೇಜಿನ ಕೆಳಗೆ 600 ವಿಎ ಯುಪಿಎಸ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ.

ಮೊದಲ ಶನಿವಾರ

ಮೊದಲು ವಿಂಡೋಸ್ ಏನು ಹೇಳುತ್ತದೆ ನೋಡೋಣ ಎಂದು ಇವೆಂಟ್ ವ್ಯೂವರ್ ತೆರೆದೆ. ‘ಕರ್ನಲ್-ಪವರ್ 41’ ಎಂಬ ದಾಖಲೆ ಸಾಲುಸಾಲಾಗಿ ಇತ್ತು. ಇದನ್ನು ಕಂಡು ಅನೇಕರು ‘ಪವರ್ ದೋಷ’ ಎಂದು ತೀರ್ಮಾನಿಸಿಬಿಡುತ್ತಾರೆ. ಆದರೆ 41 ಹೇಳುವುದು ಒಂದೇ ಮಾತು: ಹಿಂದಿನ ಸಲ ಕ್ರಮಬದ್ಧವಾಗಿ ಮುಚ್ಚದೆ ಯಂತ್ರ ನಿಂತಿತು. ಕಾರಣವನ್ನು ಅದು ಹೇಳುವುದಿಲ್ಲ. ನೋಡಬೇಕಾದದ್ದು ಅದರ ವಿವರಗಳ ಒಳಗಿರುವ ಬಗ್‌ಚೆಕ್ ಕೋಡ್. ಅಲ್ಲಿ ಸೊನ್ನೆಯಲ್ಲದ ಸಂಖ್ಯೆ ಇದ್ದರೆ ವಿಂಡೋಸ್ ಕುಸಿದು ನೀಲಿ ಪರದೆ ಬಂದಿದೆ ಎಂದರ್ಥ. ಡ್ರೈವರ್, ರ‍್ಯಾಮ್, ಡಿಸ್ಕ್‌ಗಳ ಕಡೆ ಹುಡುಕಬೇಕು. ಸೊನ್ನೆ ಇದ್ದರೆ ಕುಸಿತವನ್ನು ಬರೆದಿಡಲು ವಿಂಡೋಸ್‌ಗೆ ಸಮಯವೇ ಸಿಕ್ಕಿಲ್ಲ. ನಮ್ಮಲ್ಲಿ ಎಲ್ಲವೂ ಸೊನ್ನೆ. ‘ತಾನಾಗಿ ರೀಸ್ಟಾರ್ಟ್ ಆಗು’ ಎಂಬ ಆಯ್ಕೆಯ ಗುರುತನ್ನೂ ತೆಗೆದೆ. ನೀಲಿ ಪರದೆ ಬರುವುದಾದರೆ ಮಾಯವಾಗದೆ ನಿಲ್ಲಲಿ ಎಂದು. ಅದು ಬರಲೇ ಇಲ್ಲ.

ಇನ್ನೊಂದು ಸರಳ ಪರೀಕ್ಷೆ ನನಗೆ ಬಹಳ ಇಷ್ಟ. ವಿಂಡೋಸ್ ಶುರುವಾಗುವ ಮೊದಲೇ ತೆರೆಯಬಹುದಾದ, ಮದರ್‌ಬೋರ್ಡಿನ ಆಯ್ಕೆಗಳಿರುವ ಬಯಾಸ್ ಪರದೆಯನ್ನು ತೆರೆದು ಹಾಗೆಯೇ ಬಿಟ್ಟುಬಿಡುವುದು. ಅಲ್ಲಿ ವಿಂಡೋಸ್ ಇಲ್ಲ, ಡ್ರೈವರ್ ಇಲ್ಲ, ವೈರಸ್ ಇಲ್ಲ. ಸಂಜೆ ಆರು ಗಂಟೆಗೆ ತೆರೆದಿಟ್ಟೆ. 40 ನಿಮಿಷದ ಹೊತ್ತಿಗೆ ಅಲ್ಲಿಂದಲೂ ರೀಸ್ಟಾರ್ಟ್ ಆಯಿತು. ವಿಂಡೋಸ್ ಮೇಲಿನ ಆರೋಪ ಅಲ್ಲಿಗೆ ಮುಗಿಯಿತು. ಫಾಂಟುಗಳನ್ನು ಕಳೆದುಕೊಂಡ ಅತ್ತಿಗೆಗೆ ಇದನ್ನು ಹೇಳುವಾಗ ನನಗೆ ನಿಜಕ್ಕೂ ಬೇಸರವಾಯಿತು. ಈ ಪರೀಕ್ಷೆಗೆ ಒಂದು ರೂಪಾಯಿ ಖರ್ಚಿಲ್ಲ. ಅಳಿಸಿ ಹಾಕುವ ಮೊದಲು ಯಾರಾದರೂ ಮಾಡಬಹುದಿತ್ತು.

ಕ್ಯಾಬಿನೆಟ್ ತೆರೆದಾಗ ಒಳಗೆ ಧೂಳಿನ ಬದಲು ಮಸಿ ಇತ್ತು. ಅಣ್ಣನ ಬೀದಿಯ ಹಿಂಬದಿಗೆ ಮಂಡಕ್ಕಿ ಭಟ್ಟಿಗಳಿವೆ. ಭಟ್ಟಿಯ ಹೊಗೆ, ಭತ್ತದ ಹೊಟ್ಟಿನ ಬೂದಿ, ಪಕ್ಕದ ಅಡುಗೆಮನೆಯ ಒಗ್ಗರಣೆಯ ಎಣ್ಣೆಪಸೆ ಮೂರೂ ಸೇರಿ, ಪ್ರೊಸೆಸರಿನ ಬಿಸಿಯನ್ನು ಹೊರಹಾಕುವ ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಕಪ್ಪು ಕಂಬಳಿಯಂತೆ ಹೆಪ್ಪುಗಟ್ಟಿದ್ದವು. ಊದಿದರೆ ಹೋಗುವಂಥದ್ದಲ್ಲ. ಫ್ಯಾನ್ ಬಿಚ್ಚಿ ಗಟ್ಟಿ ಬ್ರಷ್ಷಿನಿಂದ ಕೆರೆದು ತೆಗೆಯಬೇಕಾಯಿತು. ಹೀಟ್‌ಸಿಂಕ್‌ನ ನಾಲ್ಕು ಒತ್ತುಮೊಳೆಗಳಲ್ಲಿ ಒಂದು ಬೋರ್ಡಿನ ತೂತಿನಿಂದ ಅರ್ಧ ಎದ್ದುಬಂದಿತ್ತು. ಪ್ರೊಸೆಸರಿನಿಂದ ಹೀಟ್‌ಸಿಂಕಿಗೆ ಬಿಸಿ ದಾಟಿಸುವ ಹಳೆಯ ಪೇಸ್ಟ್ ಒಣಗಿ ಸುಣ್ಣದ ಚಕ್ಕೆಯಂತಾಗಿತ್ತು. ಒರೆಸಿ, ಅಕ್ಕಿಕಾಳಿನಷ್ಟು ಹೊಸ ಪೇಸ್ಟ್ ಇಟ್ಟು, ನಾಲ್ಕೂ ಮೊಳೆಗಳನ್ನು ಎದುರುಬದುರಾಗಿ ಒತ್ತಿ ಕೂರಿಸಿದೆ. ಕೆಲಸದ ಒತ್ತಡದಲ್ಲಿ 88 ಡಿಗ್ರಿ ಮುಟ್ಟುತ್ತಿದ್ದ ಪ್ರೊಸೆಸರ್ 63ಕ್ಕೆ ಇಳಿಯಿತು.

ದೋಷ ಸಿಕ್ಕಿತು ಎಂದೇ ಎಲ್ಲರೂ ಅಂದುಕೊಂಡೆವು. ಆದರೆ ನನ್ನ ಮನಸ್ಸು ಒಪ್ಪಲಿಲ್ಲ. ಪ್ರೊಸೆಸರ್ ಕಾದರೆ ಮೊದಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಸುಮಾರು 100 ಡಿಗ್ರಿಯನ್ನೂ ದಾಟಿ ಇನ್ನಷ್ಟು ಕಾದರೆ ರಕ್ಷಣೆಗಾಗಿ ಯಂತ್ರವನ್ನೇ ಆರಿಸುತ್ತದೆ. ಆರಿದ್ದು ಸಾಮಾನ್ಯವಾಗಿ ಆರಿಯೇ ಇರುತ್ತದೆ. ನಮ್ಮದು ಆರಿದ ಮರುಕ್ಷಣ ಎದ್ದು ನಿಲ್ಲುತ್ತಿತ್ತು. 88 ಡಿಗ್ರಿ ಕೆಟ್ಟದ್ದೇ ಹೌದು, ಆದರೂ ಈ ರೋಗದ ಲಕ್ಷಣ ಅದಲ್ಲ.

ರಾತ್ರಿ ರ‍್ಯಾಮ್‌ಗಳ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ. ಪೆನ್‌ಡ್ರೈವ್‌ನಿಂದ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಹಚ್ಚಿ ಮಲಗಿದೆ. ಬೆಳಗಿನ ಐದೂಮುಕ್ಕಾಲಿಗೆ ಎದ್ದು ನೋಡಿದಾಗ ಐದು ಸುತ್ತು ಮುಗಿದಿತ್ತು. ಒಂದು ತಪ್ಪೂ ಇಲ್ಲ, ರೀಸ್ಟಾರ್ಟೂ ಇಲ್ಲ. ಕಾಫಿ ಕುಡಿಯುತ್ತಾ ಕುಳಿತೆ. ಆರು ಗಂಟೆ ಐದು ನಿಮಿಷಕ್ಕೆ ಪರದೆ ಕಪ್ಪಾಗಿ ಪರೀಕ್ಷೆ ಮೊದಲಿನಿಂದ ಶುರುವಾಯಿತು. ಇಡೀ ರಾತ್ರಿ ದುಡಿದು ಬೆಳಗಾದೊಡನೆ ಬೀಳುವ ಯಂತ್ರ! ಆ ಹೊತ್ತಿಗೆ ಹೊರಗೆ ಬೋರ್‌ವೆಲ್ ಮೋಟರ್ ಗುಂಯ್ ಎನ್ನುತ್ತಿದ್ದದ್ದು ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಹೊರಡುವ ಮೊದಲು ಕ್ಯಾಬಿನೆಟ್‌ನ ಮುಂಬದಿಯ ರೀಸೆಟ್ ಗುಂಡಿಯ ತಂತಿಯನ್ನು ಬೋರ್ಡಿನಿಂದ ಕಿತ್ತಿಟ್ಟೆ. ಮಸಿ ಹಿಡಿದ ಗುಂಡಿ ಒಳಗೇ ಅಂಟಿಕೊಂಡು ಇಂಥದ್ದೇ ಕಾಟ ಕೊಡುವುದುಂಟು. ಆಮೇಲೆ ಅತ್ತಿಗೆಯ ಕೈಗೆ ನೂರು ಪುಟದ ಒಂದು ನೋಟ್‌ಬುಕ್ ಕೊಟ್ಟೆ. “ಪ್ರತಿ ಸಲ ಆದಾಗಲೂ ಗಂಟೆ, ನಿಮಿಷ ಬರೆಯಿರಿ. ಏನು ಮಾಡುತ್ತಿದ್ದಿರಿ, ಏನು ಕಂಡಿತು, ಏನು ಕೇಳಿಸಿತು ಎಲ್ಲವನ್ನೂ ಬರೆಯಿರಿ. ಮುಖ್ಯವಲ್ಲ ಅನ್ನಿಸಿದ್ದನ್ನೂ ಬಿಡಬೇಡಿ,” ಎಂದೆ. “ಬರೆಯುವುದಕ್ಕೇನಪ್ಪಾ, ಬರೆಯುತ್ತೇನೆ. ನೀನು ಸರಿ ಮಾಡಿಕೊಡು,” ಎಂದರು.

ಎರಡನೆಯ ಶನಿವಾರ

ಈ ಇಡೀ ದುರಸ್ತಿಯಲ್ಲಿ ಅತ್ಯಂತ ಬೆಲೆಯುಳ್ಳ ಉಪಕರಣ ಆ ನೋಟ್‌ಬುಕ್. ಏಳು ದಿನಗಳಲ್ಲಿ 23 ಬರಹ, ಪತ್ರಿಕೆಯ ಅಕ್ಷರಗಳಷ್ಟೇ ಅಚ್ಚುಕಟ್ಟಾಗಿ. ಅದರಲ್ಲಿ 17ರ ಮುಂದೆ ಒಂದೇ ಮಾತು: ‘ಮೇಜಿನ ಕೆಳಗೆ ಟಕ್ ಎಂದಿತು, ಆಮೇಲೆ ಹೋಯಿತು.’ ನಾಲ್ಕರ ಮುಂದೆ: ‘ಪೂರ್ತಿ ಆರಿತು. ಗುಂಡಿ ಒತ್ತಿದ ಮೇಲೆ ಬಂತು.’ ಉಳಿದ ಎರಡರಲ್ಲಿ ಅವರು ಅಡುಗೆಮನೆಯಲ್ಲಿದ್ದರು. ಹೊತ್ತನ್ನು ನೋಡಿದರೆ ಬೆಳಗಿನ ಆರರಿಂದ ಏಳು, ಸಂಜೆ ಆರೂವರೆಯಿಂದ ಒಂಬತ್ತರ ನಡುವೆಯೇ ಹೆಚ್ಚು. ರಾತ್ರಿ ಹತ್ತರ ನಂತರ ಒಂದೂ ಇಲ್ಲ.

ಟಕ್ ಎನ್ನುವುದು ಯುಪಿಎಸ್ ಒಳಗಿನ ರಿಲೇ, ಕರೆಂಟಿನ ದಾರಿಯನ್ನು ತಾನಾಗಿ ಬದಲಿಸುವ ಸ್ವಿಚ್ಚು. ಮನೆಗಳಲ್ಲಿರುವ ಇಂಥ ಯುಪಿಎಸ್ ಕರೆಂಟು ಹೋದಾಗ ಮಾತ್ರ ಕೆಲಸ ಮಾಡುತ್ತದೆ ಎಂದುಕೊಂಡಿರುತ್ತೇವೆ. ಆದರೆ ವೋಲ್ಟೇಜ್ ಕುಸಿದಾಗಲೂ ಅದು ರಿಲೇ ಬದಲಿಸಿ ಒಳಗಿನ ಟ್ರಾನ್ಸ್‌ಫಾರ್ಮರ್‌ನಿಂದ ವೋಲ್ಟೇಜನ್ನು ಎತ್ತಿ ಕೊಡುತ್ತದೆ. ಇನ್ನೂ ಕುಸಿದರೆ ಬ್ಯಾಟರಿಗೆ ಹೊರಳುತ್ತದೆ. ಮಲ್ಟಿಮೀಟರನ್ನು ಪ್ಲಗ್ಗಿಗೆ ಹಚ್ಚಿ, ಕನಿಷ್ಠ ಅಂಕಿಯನ್ನು ಹಿಡಿದಿಡುವ ಗುಂಡಿ ಒತ್ತಿ, ಅಣ್ಣನಿಗೆ ಮೋಟರ್ ಹಾಕಲು ಹೇಳಿದೆ. 214ರಲ್ಲಿದ್ದ ವೋಲ್ಟೇಜ್ 181ಕ್ಕೆ ಬಿತ್ತು. ಟಕ್. ಪರದೆ ಕಪ್ಪಾಯಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು.

ಮೋಟರ್ ತಿರುಗಲು ಶುರುಮಾಡುವ ಕ್ಷಣದಲ್ಲಿ ಅದು ಓಡುವಾಗ ಎಳೆಯುವುದರ ಐದಾರು ಪಟ್ಟು ಕರೆಂಟನ್ನು ಎಳೆಯುತ್ತದೆ. ಅಣ್ಣನ ಮನೆ ಬೀದಿಯ ಕೊನೆಯದು, ಒಳಗಿನ ವೈರಿಂಗ್ ಹಳೆಯದು. ಸ್ವಂತ ಮೋಟರ್ ಹಾಕಿದರೂ ಅಕ್ಕಪಕ್ಕದವರು ಹಾಕಿದರೂ ಇದೇ ಕುಸಿತ. ಬೆಳಗ್ಗೆ ಮತ್ತು ಸಂಜೆ ಎಲ್ಲರೂ ಟ್ಯಾಂಕಿಗೆ ನೀರು ಏರಿಸುತ್ತಾರೆ. ರಾತ್ರಿ ಯಾರೂ ಹಾಕುವುದಿಲ್ಲ. ಮೆಮ್‌ಟೆಸ್ಟ್ ಇಡೀ ರಾತ್ರಿ ಓಡಿದ್ದೂ, ಅಂಗಡಿಯಲ್ಲಿ ಎಲ್ಲ ಸರಿ ಇದ್ದದ್ದೂ ಒಟ್ಟಿಗೆ ಅರ್ಥವಾದವು.

ಯುಪಿಎಸ್ ಪರೀಕ್ಷೆಗೆ ಕಂಪ್ಯೂಟರ್ ಬೇಡ. ಅದಕ್ಕೆ 60 ವ್ಯಾಟ್‌ನ ಹಳೆಯ ತಂತಿಬಲ್ಬ್ ಒಂದನ್ನು ಹಚ್ಚಿ ಗೋಡೆಯ ಪ್ಲಗ್ ಕಿತ್ತೆ. ಮೂರು ಸೆಕೆಂಡು ಉರಿದು ಆರಿತು. 12 ವೋಲ್ಟ್, 7 ಆಂಪಿಯರ್-ಅವರ್‌ನ ಬ್ಯಾಟರಿ ಸುಮ್ಮನಿದ್ದಾಗ 12.6 ತೋರಿಸುತ್ತಿತ್ತು, ಹೊರೆ ಬಿದ್ದ ಕೂಡಲೇ 8ಕ್ಕಿಂತ ಕೆಳಗೆ. ಬರೀ ಮೀಟರ್ ಹಚ್ಚಿ ನೋಡಿ ‘ಬ್ಯಾಟರಿ ಚೆನ್ನಾಗಿದೆ’ ಎನ್ನುವುದು ಎಷ್ಟು ದೊಡ್ಡ ತಪ್ಪು ಎಂಬುದಕ್ಕೆ ಇದೇ ಸಾಕ್ಷಿ. ಪಿ.ಬಿ. ರಸ್ತೆಯ ಅಂಗಡಿಯಿಂದ ಹೊಸ ಬ್ಯಾಟರಿ ತಂದು ಹಾಕಿದೆ, 950 ರೂಪಾಯಿ. ಬಲ್ಬ್ 20 ನಿಮಿಷಕ್ಕೂ ಮೀರಿ ಉರಿಯಿತು.

ಕಂಪ್ಯೂಟರ್ ಹಚ್ಚಿ, ಗೋಡೆಯ ಪ್ಲಗ್ ಕಿತ್ತು ಮತ್ತೆ ಸಿಕ್ಕಿಸುವುದನ್ನು ಹತ್ತು ಸಲ ಮಾಡಿದೆ. ನಾಲ್ಕು ಸಲ ಬದುಕಿತು, ಆರು ಸಲ ರೀಸ್ಟಾರ್ಟ್ ಆಯಿತು. ಆದರೆ ಪೂರ್ತಿ ಆರುವುದು ಮಾತ್ರ ನಿಂತಿತು.

ಇಲ್ಲಿ ನೋಟ್‌ಬುಕ್‌ನ ಆ ಎರಡು ಬಗೆಯ ಬರಹಗಳು ದಾರಿ ತೋರಿಸಿದವು. ಕರೆಂಟು ಹೋಗಿ ಬಂದ ಮೇಲೆ ಏನು ಮಾಡಬೇಕೆಂದು ಬಯಾಸ್‌ನಲ್ಲಿ ಒಂದು ಆಯ್ಕೆ ಇರುತ್ತದೆ. ನಮ್ಮಲ್ಲಿ ಅದು ‘ಆರಿಯೇ ಇರು’ ಎಂದಿತ್ತು. ಹಾಗಾದರೆ ನಿಜವಾಗಿ ಕರೆಂಟು ತಪ್ಪಿದ ಸಲ ಯಂತ್ರ ಆರಿಯೇ ಇರಬೇಕು. ಆ ನಾಲ್ಕು ಬರಹ ಅವೇ, ಸತ್ತ ಬ್ಯಾಟರಿಯ ಪಾಲು. ಉಳಿದ ಹದಿನೇಳರಲ್ಲಿ ಕರೆಂಟು ಪೂರ್ತಿ ತಪ್ಪಿಲ್ಲ. ರಿಲೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುವ ಕೆಲವೇ ಮಿಲಿಸೆಕೆಂಡುಗಳ ಸಂದಿಯನ್ನು ಯಾವುದೋ ಭಾಗ ತಾಳಲಾರದೆ ತಡವರಿಸುತ್ತಿದೆ. ರೋಗ ಒಂದಲ್ಲ, ಎರಡು. ಒಂದರ ನೆರಳಿನಲ್ಲಿ ಇನ್ನೊಂದು ಕುಳಿತಿದೆ.

ಆ ಸಂದಿಯನ್ನು ತಾಳಬೇಕಾದದ್ದು ಎಸ್‌ಎಂಪಿಎಸ್. ಅದರೊಳಗೆ ಕರೆಂಟು ಬರುವ ಬದಿಯಲ್ಲಿ ದೊಡ್ಡ ಕೆಪಾಸಿಟರ್‌ಗಳಿರುತ್ತವೆ. 230 ವೋಲ್ಟ್‌ನ ಎಸಿ, ಡಿಸಿಯಾಗಿ ಅವುಗಳಲ್ಲಿ ಸುಮಾರು 325 ವೋಲ್ಟ್ ಆಗಿ ತುಂಬಿಕೊಂಡಿರುತ್ತದೆ. ಮನೆಯ ಮೇಲಿನ ನೀರಿನ ಟ್ಯಾಂಕಿನ ಹಾಗೆ: ಮೋಟರ್ ನಿಂತರೂ ನಲ್ಲಿಯಲ್ಲಿ ಸ್ವಲ್ಪ ಹೊತ್ತು ನೀರು ಬರುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ಹೊರಗಿನ ಕರೆಂಟು ಕಡಿದ ಮೇಲೂ ಸುಮಾರು 16-17 ಮಿಲಿಸೆಕೆಂಡು ತನ್ನ ವೋಲ್ಟೇಜುಗಳನ್ನು ಹಿಡಿದಿರಬೇಕು. 50 ಹರ್ಟ್ಸ್‌ನ ಒಂದು ಆವರ್ತಕ್ಕೆ 20 ಮಿಲಿಸೆಕೆಂಡು ಎಂಬುದನ್ನು ನೆನೆದರೆ ಅದೆಷ್ಟು ಹೊತ್ತು ಎಂದು ತಿಳಿಯುತ್ತದೆ. ಕೆಪಾಸಿಟರ್ ಒಣಗುತ್ತಾ ಹೋದಂತೆ ಟ್ಯಾಂಕು ಚಿಕ್ಕದಾಗುತ್ತದೆ. ವೋಲ್ಟೇಜ್ ಬೀಳುವ ಸೂಚನೆ ಸಿಕ್ಕೊಡನೆ ಎಸ್‌ಎಂಪಿಎಸ್ ತನ್ನ ಬೂದು ತಂತಿಯ ಮೂಲಕ ಮದರ್‌ಬೋರ್ಡಿಗೆ ಕೊಡುತ್ತಿದ್ದ ‘ಪವರ್ ಸರಿಯಿದೆ’ ಎಂಬ ಸಂಕೇತವನ್ನು ಹಿಂತೆಗೆದುಕೊಳ್ಳುತ್ತದೆ. ಬೋರ್ಡ್ ಆ ಕ್ಷಣವೇ ಎಲ್ಲವನ್ನೂ ನಿಲ್ಲಿಸಿ, ಸಂಕೇತ ಮರಳಿದೊಡನೆ ಮೊದಲಿನಿಂದ ಶುರುಮಾಡುತ್ತದೆ. ಅತ್ತಿಗೆ ನೋಡುತ್ತಿದ್ದದ್ದು ಇದನ್ನೇ.

ಮೂರನೆಯ ಶನಿವಾರ

ಚಿತ್ರದುರ್ಗದಿಂದ ನನ್ನ ಸ್ವಂತ ಕಂಪ್ಯೂಟರ್‌ನ ಎಸ್‌ಎಂಪಿಎಸ್ಸನ್ನೇ ಬಿಚ್ಚಿ ತಂದೆ. ಚೆನ್ನಾಗಿದೆ ಎಂದು ಗೊತ್ತಿರುವ ಬಿಡಿಭಾಗವನ್ನು ಹಾಕಿ ನೋಡುವಷ್ಟು ನಂಬಿಕೆಯ ಪರೀಕ್ಷೆ ಇನ್ನೊಂದಿಲ್ಲ. ಅದಕ್ಕೂ ಮೊದಲು ಹಳೆಯದನ್ನು ಅಳೆದೆ. ಯಂತ್ರ ಓಡುತ್ತಿರುವಾಗಲೇ ಖಾಲಿ ಉಳಿದ ನಾಲ್ಕು ಕಡ್ಡಿಯ ಕನೆಕ್ಟರ್‌ನ ಹಳದಿ ಮತ್ತು ಕಪ್ಪು ತಂತಿಗಳಿಗೆ ಮೀಟರ್ ಹಚ್ಚಿದರೆ 12 ವೋಲ್ಟ್‌ನ ಸಾಲು ಸಿಗುತ್ತದೆ. ಐದು ಶೇಕಡಾ ಹೆಚ್ಚುಕಡಿಮೆ ಇರಬಹುದು, ಅಂದರೆ 11.4ರಿಂದ 12.6. ಸುಮ್ಮನಿದ್ದಾಗ 11.9 ಇತ್ತು. ಕೋರೆಲ್‌ಡ್ರಾದಲ್ಲಿ ದೊಡ್ಡ ಕಡತವೊಂದನ್ನು ಪಿಡಿಎಫ್ ಮಾಡಲು ಕೊಟ್ಟಾಗ 11.3ಕ್ಕೆ ಇಳಿಯಿತು. ಕೆಂಪು ತಂತಿಯ 5 ವೋಲ್ಟ್ ಮಾತ್ರ ನೆಟ್ಟಗಿತ್ತು.

ಅಂಗಡಿಗಳಲ್ಲಿ ಮಾಡುವ ಒಂದು ಪರೀಕ್ಷೆಯ ಬಗ್ಗೆ ನನ್ನ ತಕರಾರು ಹೇಳಲೇಬೇಕು. ಎಸ್‌ಎಂಪಿಎಸ್ಸನ್ನು ಹೊರತೆಗೆದು, ಹಸಿರು ತಂತಿಗೂ ಕಪ್ಪು ತಂತಿಗೂ ಒಂದು ತುಂಡು ತಂತಿ ಸಿಕ್ಕಿಸಿ, ಫ್ಯಾನ್ ತಿರುಗಿದರೆ ‘ಇದು ಸರಿ ಇದೆ’ ಎನ್ನುತ್ತಾರೆ. ನಮ್ಮದೂ ಹಾಗೆ ತಿರುಗಿತು, ಮೀಟರಿನಲ್ಲಿ 12.1 ತೋರಿಸಿತು. ಹೊರೆಯಿಲ್ಲದೆ ನಿಂತ ಎತ್ತು ಗಟ್ಟಿಯಾಗಿಯೇ ಕಾಣುತ್ತದೆ. ಪೂರ್ತಿ ಸತ್ತದ್ದನ್ನು ಗುರುತಿಸಲು ಆ ಪರೀಕ್ಷೆ ಸಾಕು, ಸೊರಗಿದ್ದನ್ನು ಹಿಡಿಯಲು ಸಾಲದು.

ನನ್ನ ಎಸ್‌ಎಂಪಿಎಸ್ ಹಾಕಿದ ಮೇಲೆ ಮತ್ತೆ ಹತ್ತು ಸಲ ಪ್ಲಗ್ ಕಿತ್ತೆ. ಹತ್ತಕ್ಕೆ ಹತ್ತೂ ಸಲ ಬದುಕಿತು. ಅಣ್ಣ ಮೋಟರನ್ನು ಐದು ಸಲ ಹಾಕಿ ಆರಿಸಿದ. ಟಕ್ ಎನ್ನುವುದು ಕೇಳಿಸಿತು, ಪರದೆ ಅಲುಗಲಿಲ್ಲ. ಹಳೆಯದನ್ನು ಮತ್ತೆ ಹಾಕಿದೆ. ಎರಡನೆಯ ಸಲಕ್ಕೇ ಬಿತ್ತು. ಹೀಗೆ ತಿರುಗಿಸಿ ಹಾಕಿ ನೋಡುವುದನ್ನು ನಾನು ಬಿಡುವುದಿಲ್ಲ. ಬಿಚ್ಚಿ ಜೋಡಿಸುವಾಗ ಸಡಿಲವಾಗಿದ್ದ ಕನೆಕ್ಟರ್ ಸರಿಯಾಗಿ ಕೂತಿದ್ದರಿಂದಲೂ ರೋಗ ವಾಸಿಯಾಗಿರಬಹುದಲ್ಲ? ಮರಳಿ ಕೆಡಿಸಲು ಸಾಧ್ಯವಾದರೆ ಮಾತ್ರ ಕಾರಣ ಕೈಗೆ ಸಿಕ್ಕಿದೆ ಎಂದು ಒಪ್ಪುತ್ತೇನೆ.

ಹೊಸದನ್ನು ಕೊಳ್ಳುವಾಗ ಅಂಗಡಿಯವರು ‘ಇದು 500 ವ್ಯಾಟ್, ಅಗ್ಗ’ ಎಂದು ಒಂದನ್ನು ಮುಂದಿಟ್ಟರು. ನಾನು ಅದರ ಪಕ್ಕದ ಚೀಟಿಯಲ್ಲಿ 12 ವೋಲ್ಟ್ ಸಾಲಿನ ಎದುರು ಎಷ್ಟು ಆಂಪಿಯರ್ ಇದೆ ಎಂದು ಮಾತ್ರ ನೋಡಿದೆ. ಅತ್ತಿಗೆಯ ಹಳೆಯ ‘450 ವ್ಯಾಟ್’ನಲ್ಲಿ ಅಲ್ಲಿ ಬರೆದದ್ದು 14 ಆಂಪಿಯರ್, ಅಂದರೆ 168 ವ್ಯಾಟ್. ಈಗಿನ ಕಂಪ್ಯೂಟರ್‌ಗಳಲ್ಲಿ ಪ್ರೊಸೆಸರ್ ಉಣ್ಣುವುದೆಲ್ಲ ಆ ಸಾಲಿನಿಂದಲೇ. 54 ವ್ಯಾಟ್‌ನ ಈ ಪ್ರೊಸೆಸರಿಗೆ ಹೊಸತಿರುವಾಗ ಅದೂ ಸಾಕಾಗುತ್ತಿತ್ತು, ನಿಜ. ಆದರೆ ದೊಡ್ಡ ಅಕ್ಷರದ ವ್ಯಾಟ್ ನೋಡಿ ಕೊಳ್ಳುವವರು ಏನನ್ನು ಕೊಳ್ಳುತ್ತಿದ್ದಾರೆಂದು ಒಮ್ಮೆ ಆ ಚಿಕ್ಕ ಅಕ್ಷರಗಳಲ್ಲಿ ಓದಬೇಕು. ಕರೆಂಟು ಕಡಿಮೆ ಪೋಲಾಗುತ್ತದೆ ಎಂದು ಸೂಚಿಸುವ 80 ಪ್ಲಸ್ ಬ್ರಾಂಜ್ ಗುರುತಿನ, 12 ವೋಲ್ಟ್‌ನಲ್ಲೇ 400 ವ್ಯಾಟ್ ದಾಟುವ 450 ವ್ಯಾಟ್‌ನ ಒಂದನ್ನು 2,700 ರೂಪಾಯಿಗೆ ತಂದೆವು. “ಇಷ್ಟು ದುಡ್ಡು ಇದಕ್ಕೇ?” ಎಂದು ಅಣ್ಣ ಕೇಳಿದ. ಅತ್ತಿಗೆಯೇ ಉತ್ತರ ಕೊಟ್ಟರು: “ಮೂರು ಸಲ ಮಾಡಿದ ಪತ್ರಿಕೆಗೆ ಯಾರಾದರೂ ಮೂರು ಪಟ್ಟು ಕೊಟ್ಟರೇನು?”

ಅಂದು ರಾತ್ರಿಯೇ ಕೋರೆಲ್‌ಡ್ರಾದಲ್ಲಿ ತಾನಾಗಿ ಪ್ರತಿ ಉಳಿಸುವ ಅವಧಿಯನ್ನು ಐದು ನಿಮಿಷಕ್ಕೆ ಇಳಿಸಿದೆ. ಇಷ್ಟು ಸಲ ಹಠಾತ್ತನೆ ಬಿದ್ದ ಡಿಸ್ಕ್‌ಗಳ ತಪಾಸಣೆಯನ್ನೂ ಮಾಡಿಸಿದೆ. ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ಕೆಲವು ಕಡತಗಳ ಕೊಂಡಿ ತಪ್ಪಿತ್ತು, ಸರಿಯಾಯಿತು.

ನಾಲ್ಕನೆಯ ಶನಿವಾರ

ನೋಟ್‌ಬುಕ್‌ನಲ್ಲಿ ವಾರವಿಡೀ ಟಕ್ 19 ಸಲ, ರೀಸ್ಟಾರ್ಟ್ ಸೊನ್ನೆ.

ಹಳೆಯ ಎಸ್‌ಎಂಪಿಎಸ್ಸನ್ನು ಆ ಒಂದು ವಾರ ಪ್ಲಗ್ ಇಲ್ಲದೆ ಅಟ್ಟದ ಮೇಲೆ ಇಟ್ಟಿದ್ದೆವು. ಆರಿಸಿದ ಕೂಡಲೇ ಅದರ ಡಬ್ಬಿ ತೆರೆಯಬಾರದು. ಆ 325 ವೋಲ್ಟ್ ಒಳಗೇ ಉಳಿದಿರಬಹುದು, ಮುಟ್ಟಿದರೆ ಜೀವಕ್ಕೇ ಅಪಾಯ. ತೆರೆದ ಮೇಲೂ ಮೊದಲು ದೊಡ್ಡ ಕೆಪಾಸಿಟರ್‌ಗಳ ಕಾಲುಗಳಿಗೆ ಮೀಟರ್ ಹಚ್ಚಿ, ಸೊನ್ನೆ ಎಂದು ಖಾತ್ರಿಯಾದ ಮೇಲೆಯೇ ಕೈ ಹಾಕಿದೆ. ಕರೆಂಟು ಬರುವ ಬದಿಯ ಎರಡು ಕೆಪಾಸಿಟರ್‌ಗಳು ಹೊರನೋಟಕ್ಕೆ ಸರಿಯಾಗಿದ್ದವು, ಆದರೆ ಬೆಸುಗೆ ಬಿಚ್ಚಿ ಅಳೆದಾಗ ಎರಡೂ ಬರೆದ ಬೆಲೆಯ ಅರ್ಧದಷ್ಟೂ ಇರಲಿಲ್ಲ. ಹೊರಗೆ ಕೊಡುವ ಬದಿಯಲ್ಲಿ ಆರರಲ್ಲಿ ನಾಲ್ಕು ತಲೆ ಉಬ್ಬಿಸಿಕೊಂಡಿದ್ದವು, ಒಂದರ ಬುಡದಲ್ಲಿ ಕಂದುಬಣ್ಣದ ಒಸರು. 12 ವೋಲ್ಟ್ ಕುಸಿಯುತ್ತಿದ್ದದ್ದು ಅಲ್ಲಿ. ಇವುಗಳ ಆಯಸ್ಸು ಶಾಖದ ಲೆಕ್ಕದಲ್ಲಿ ಸವೆಯುತ್ತದೆ; ಪ್ರತಿ 10 ಡಿಗ್ರಿ ಏರಿಕೆಗೆ ಅರ್ಧ ಎಂಬುದು ಎಲೆಕ್ಟ್ರಾನಿಕ್ಸ್‌ನವರ ರೂಢಿಯ ಲೆಕ್ಕ. ಬೇಸಿಗೆಯ ದಾವಣಗೆರೆ, ಮಸಿ ಕಟ್ಟಿ ಗಾಳಿಯಾಡದ ಡಬ್ಬಿ, ಅದರ ಜೊತೆ ಹೀಟ್‌ಸಿಂಕ್‌ನಿಂದ ಬರುತ್ತಿದ್ದ ಬಿಸಿ ಎಲ್ಲ ಸೇರಿ ಈ ಕೆಪಾಸಿಟರ್‌ಗಳನ್ನು ಬೇಯಿಸಿವೆ. ಮೊದಲ ವಾರ ನಾನು ಬದಿಗಿಟ್ಟ ಆ 88 ಡಿಗ್ರಿ ನೇರ ಕಾರಣವಲ್ಲದಿದ್ದರೂ ಹಿಂದಿನಿಂದ ಈ ಕೆಲಸ ಮಾಡಿತ್ತು. ಕೆಪಾಸಿಟರ್ ಬದಲಿಸಿ ಹಳೆಯದನ್ನು ಉಳಿಸಬಹುದೇ ಎಂದು ಯೋಚಿಸಿದೆ. ಮಸಿಯಲ್ಲಿರುವುದು ಇಂಗಾಲ, ಅದು ಕರೆಂಟು ಹರಿಸಬಲ್ಲದು. ಬೋರ್ಡಿನ ಸಂದುಗೊಂದುಗಳಲ್ಲಿ ಅದು ಎಣ್ಣೆಯೊಡನೆ ಅಂಟಿರುವುದನ್ನು ಕಂಡ ಮೇಲೆ ಮನೆಯವರು ಮುಟ್ಟುವ ಯಂತ್ರಕ್ಕೆ ಇದನ್ನು ಮರಳಿ ಹಾಕಲು ಮನಸ್ಸಾಗಲಿಲ್ಲ.

ಕ್ಯಾಬಿನೆಟ್ಟನ್ನು ಮೇಜಿನ ಕೆಳಗಿನಿಂದ ಎತ್ತಿ ಕಿಟಕಿಯಿಂದ ದೂರದ ಗೋಡೆಗೆ, ಒಂದು ಮೊಳ ಎತ್ತರದ ಮಣೆಯ ಮೇಲೆ ಇಟ್ಟೆವು. ಮುಂಬದಿಯ ಗಾಳಿಕಿಂಡಿಗೆ ತೆಳುವಾದ ನೈಲಾನ್ ಸೊಳ್ಳೆಪರದೆಯ ತುಂಡು ಕಟ್ಟಿದೆ. ಅದನ್ನು ತಿಂಗಳಿಗೊಮ್ಮೆ ಬಿಚ್ಚಿ ತೊಳೆಯಬೇಕು, ಇಲ್ಲವಾದರೆ ಅದೇ ಕಂಬಳಿಯಾಗುತ್ತದೆ.

ಉಳಿದದ್ದು ಅರ್ತಿಂಗ್. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಅತ್ತಿಗೆ ನೋಟ್‌ಬುಕ್‌ನ ಮೂಲೆಯಲ್ಲಿ ಒಂದು ಕಡೆ ಬರೆದಿದ್ದರು. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಅಳೆದಾಗ 14 ವೋಲ್ಟ್ ಬಂತು; ಎರಡು ಮೂರು ವೋಲ್ಟ್ ದಾಟಬಾರದ ಜಾಗವದು. ರೀಸ್ಟಾರ್ಟ್‌ಗೂ ಇದಕ್ಕೂ ಸಂಬಂಧವಿಲ್ಲ, ಆದರೂ ಕಂಡ ಮೇಲೆ ಬಿಡುವ ವಿಷಯವಲ್ಲ. ಹಿತ್ತಿಲಿನ ಅರ್ತಿಂಗ್ ಗುಂಡಿ ಬೇಸಿಗೆಗೆ ಬಿರುಕು ಬಿಟ್ಟು ಒಣಗಿ ನಿಂತಿತ್ತು. ಇದ್ದಿಲು, ಉಪ್ಪು ತುಂಬಿ ಹೊಸದಾಗಿ ಮಾಡಿಸಲು ಲೈನ್‌ಮನ್ ಕೆಲಸ ಬಲ್ಲ ಎಲೆಕ್ಟ್ರಿಷಿಯನ್ ಒಬ್ಬರಿಗೆ ಹೇಳಿದ್ದೇವೆ, ಅಮಾವಾಸ್ಯೆ ಕಳೆದ ಮೇಲೆ ಬರುತ್ತಾರಂತೆ. ಅಲ್ಲಿಯವರೆಗೆ ಅಣ್ಣ ದಿನವೂ ಎರಡು ಕೊಡ ನೀರು ಸುರಿಯುತ್ತಿದ್ದಾನೆ. ನಿನ್ನೆ ಅಳೆದು ಫೋನಿನಲ್ಲಿ ಹೇಳಿದ ಅಂಕಿ 5.